ಚರಿತ್ರಕಾರನ ಕಾಯಕ

ರಾಜ್ಯಕ್ಕೆ ಮಹಾವಿಪತ್ತು ಒದಗಿದಾಗ ಅದರ ಹೊಣೆ ಹೊತ್ತವರು ಹೇಗೆ ನಡೆದುಕೊಂಡರೆಂಬುದನ್ನು ಕಥೆಯಂತೆ ಹೇಳುವ ಗ್ರಂಥಗಳನ್ನು ಜನರು ಆಸೆಯಿಂದ ಓದುತ್ತಾರೆ. ಇದು ಸಹಜವೇ ಸರಿ. ಆದರೆ ಅಂತಹ ಗ್ರಂಥವನ್ನು ಬರೆಯುವಾತನು ಯಾವ ಧರ್ಮಕ್ಕೆ ಕಟ್ಟುಬಿದ್ದವನು? ನುಡಿಯೂ ನಡೆಯೂ ಒಂದಾಗಿವೆಯೆ ಎಂದು ನಾವು ನಾಯಕನನ್ನು ಅಳೆಯುತ್ತೇವೆ. ಆ ಅಳತೆಗೋಲನ್ನು ಕೈಯಲ್ಲಿ ಹಿಡಿದ ಬರಹಗಾರನಿಗೆ ಅದು ತಗಲುವುದಿಲ್ಲವೆ? ಬರವಣಿಗೆಯೂ ಒಂದು ಕಾಯಕವೆಂದ ಮೇಲೆ ಅದರಲ್ಲಿ ಕಲಬೆರಕೆ ಸಲ್ಲುವುದೆ? ಇದನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ, ನಡೆದುಹೋದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು.

1962ನೆಯ ಇಸವಿ ಅಕ್ಟೋಬರ್ 16ರಂದು, ಕ್ಯೂಬಾ ದ್ವೀಪದಲ್ಲಿ ಸೋವಿಯೆತ್ ಒಕ್ಕೂಟವು ಅಣ್ವಸ್ತ್ರದ ಕ್ಷಿಪಣಿಗಳನ್ನು ನೆಲೆಗೊಳಿಸುತ್ತಿರುವುದನ್ನು ತೋರುವ ಛಾಯಾಚಿತ್ರಗಳು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮುಂದೆ ಬಂದವು. 22ರಂದು ಅವರು ನೌಕಾ ದಿಗ್ಬಂಧನವನ್ನು ಸಾರಿದರು. 27ರಂದು ಅಮೆರಿಕದ ಗೂಢವಿಮಾನವೊಂದನ್ನು ಕ್ಯೂಬಾದ ಮೇಲೆ ಹೊಡೆದುರುಳಿಸಲಾಯಿತು. ಅದರ ಚಾಲಕನು ಮಡಿದನು. 28ರಂದು ಸೋವಿಯೆತ್ ನಾಯಕ ಕ್ರುಶ್ಚೇವರು ಕ್ಷಿಪಣಿಗಳನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿದರು. ಲೋಕಕ್ಕೆ ಹೋದ ಜೀವ ಬಂದಂತಾಯಿತು.

ಈ ಹದಿಮೂರು ದಿನಗಳ ವೃತ್ತಾಂತವನ್ನು ಅಧ್ಯಕ್ಷರ ತಮ್ಮನೂ ಅಂದಿನ ಅಟಾರ್ನಿ ಜನರಲ್ಲರೂ ಆಗಿದ್ದ ರಾಬರ್ಟ್ ಕೆನಡಿಯವರು ಬರೆದಿಟ್ಟಿದ್ದರು. 1968ರಲ್ಲಿ ಅವರು ಕೊಲೆಗೀಡಾದ ತರುವಾಯ, ಮರುವರುಷ ‘ಥರ್ಟೀನ್ ಡೇಸ್’ ಎಂಬ ಹೆಸರಿನಿಂದ ಅದು ಗ್ರಂಥವಾಗಿ ಹೊರಬಿದ್ದಿತು. ಅಂಜದೆ, ಅಳುಕದೆ, ಆದರೆ ಉದ್ವೇಗಕ್ಕೂ ಒಳಗಾಗದೆ ನಿಂತ ನಾಯಕನ ಚಿತ್ರ ಅದರಲ್ಲಿದೆ. ತುರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳ ಬಗೆಗೆ ಯಾವ ಕೊಡುಕೊಳ್ಳುವಿಕೆಯೂ ಇಲ್ಲವೆಂದು ಸೋವಿಯೆತ್ ರಾಯಭಾರಿಗೆ ತಿಳಿಸಿದುದಾಗಿಯೂ ಅದರಲ್ಲಿದೆ. ಓದಿದವರು ಏನು ಕಲಿತರು? ದೃಢವಾಗಿ ನಿಂತರೆ ಎದುರಾಳಿ ಬಗ್ಗುತ್ತಾನೆ ಎಂಬುದನ್ನು.

ವಾಸ್ತವವು ಬೇರೆಯೇ ಆಗಿದ್ದಿತು. 27ರ ಸಂಜೆ ರಾಬರ್ಟ್ ಕೆನಡಿಯವರೇ ರಾಯಭಾರಿ ಡೊಬ್ರಿನಿನ್ ಅವರನ್ನು ಕಂಡು, ತುರ್ಕಿಯ ಕ್ಷಿಪಣಿಗಳನ್ನು ಕೆಲವು ತಿಂಗಳೊಳಗೆ ತೆಗೆಯುವುದಾಗಿಯೂ, ಅದು ಗುಟ್ಟಾಗಿಯೇ ಇರಬೇಕೆಂದೂ ಮಾತು ಕೊಟ್ಟಿದ್ದರು. 1963ರ ಏಪ್ರಿಲ್ ಹೊತ್ತಿಗೆ ಅವುಗಳನ್ನು ತೆಗೆದದ್ದೂ ಆಯಿತು. ಗ್ರಂಥವನ್ನು ಪ್ರಕಟಣೆಗೆ ಅಣಿಗೊಳಿಸಿದ ಥಿಯೊಡರ್ ಸೊರೆನ್ಸನ್ ಅವರು, ಈ ಒಪ್ಪಂದವು ದಿನಚರಿಯಲ್ಲಿ ಸ್ಪಷ್ಟವಾಗಿದ್ದಿತೆಂದೂ, ಅದನ್ನು ತೆಗೆದುಹಾಕಿದವರು ತಾವೇ ಎಂದೂ 1989ರಲ್ಲಿ ಮಾಸ್ಕೋದ ಸಭೆಯೊಂದರಲ್ಲಿ ಒಪ್ಪಿಕೊಂಡರು.

ಅವರ ಪರವಾಗಿ ಹೇಳತಕ್ಕ ಮಾತಿಲ್ಲವೆಂದಲ್ಲ. ಗುಟ್ಟು ಕಾಯುವೆವೆಂಬ ವಚನವಿದ್ದಿತು, ಬರೆದಾತನು ಬದುಕಿರಲಿಲ್ಲ, ಬಯಲಾದರೆ ಮಿತ್ರರಾಷ್ಟ್ರಗಳು ಕೆರಳುವ ಭಯವಿದ್ದಿತು. ಆದರೆ ಬಾಯಿ ಮುಚ್ಚಿಕೊಂಡಿರುವುದು ಬೇರೆ, ಇದ್ದುದನ್ನು ಇಲ್ಲವೆಂದು ಬರೆಯುವುದು ಬೇರೆ. ಮೌನವನ್ನು ಕ್ಷಮಿಸಬಹುದು. ಈ ಕಥೆಯಲ್ಲಿ ಮೌನದ ಆಚೆಗೆ ಇನ್ನೊಂದಿದೆ. ನನ್ನ ಮನಸ್ಸನ್ನು ಬಹುವಾಗಿ ಕಲಕಿದ್ದು ಅದೇ.

ವಿಶ್ವಸಂಸ್ಥೆಯಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ ಅಡ್ಲೈ ಸ್ಟೀವನ್ಸನ್ ಅವರು ಅಕ್ಟೋಬರ್ 20ರ ಮಂತ್ರಾಲೋಚನೆಯಲ್ಲಿಯೇ ತುರ್ಕಿಯ ನೆಲೆಯನ್ನು ಬಿಟ್ಟುಕೊಡುವ ಮಾತನ್ನೆತ್ತಿದ್ದರು. ಡಿಸೆಂಬರಿನಲ್ಲಿ ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ಪತ್ರಿಕೆಯ ಲೇಖನವೊಂದು, ಅವರು ಮತ್ತೊಂದು ಮ್ಯೂನಿಕ್ಕನ್ನು ಬಯಸಿದರೆಂದು ಸರ್ಕಾರದೊಳಗಿನವರೊಬ್ಬರ ಮಾತಾಗಿ ಬರೆಯಿತು. 1938ರಲ್ಲಿ ಹಿಟ್ಲರನಿಗೆ ಮಣಿದ ಊರಿನ ಹೆಸರದು. ಹೇಡಿ ಎಂಬ ಬೈಗುಳಕ್ಕೆ ಅದು ಪರ್ಯಾಯ. ಆ ಲೇಖಕರಿಬ್ಬರಲ್ಲಿ ಒಬ್ಬರು ಅಧ್ಯಕ್ಷರ ಗೆಳೆಯರು. ಬಾಯಿಬಿಟ್ಟು ಹೇಳಿದವನು ಹೇಡಿಯಾದನು, ಗುಟ್ಟಾಗಿ ಅದನ್ನೇ ಮಾಡಿದವರು ವೀರರಾದರು! ಸ್ಟೀವನ್ಸನ್ನರು 1965ರಲ್ಲಿ ತೀರಿಕೊಂಡರು. 1969ರ ಗ್ರಂಥವು ಅವರ ಧೈರ್ಯವನ್ನು ಹೊಗಳಿತಾದರೂ ಆ ಕಲೆಯನ್ನು ತೊಳೆಯಬಲ್ಲ ಒಂದು ಸತ್ಯವನ್ನು ಹೇಳಲಿಲ್ಲ.

ಇನ್ನು ಅಧ್ಯಕ್ಷರಿಗಾದರೂ ಇದರಿಂದ ಕೀರ್ತಿ ಹೆಚ್ಚಿತೆ? ನನ್ನ ಅಭಿಪ್ರಾಯದಲ್ಲಿ ಕುಂದಿತು. ಕೆನಡಿಯವರು ತಮ್ಮ ಸಭೆಗಳನ್ನು ಗುಟ್ಟಾಗಿ ಧ್ವನಿಮುದ್ರಿಸಿಕೊಂಡಿದ್ದರು. ಅವು ಇದ್ದುವೆಂಬುದು 1973ರಲ್ಲಿ ತಿಳಿಯಿತು. 1997ರಲ್ಲಿ ಲಿಖಿತರೂಪದಲ್ಲಿ ಅಚ್ಚಾದುವು. 27ರ ಮಾತುಕತೆಯನ್ನು ನೋಡಿದರೆ, ಸಲಹೆಗಾರರಲ್ಲಿ ಹಲವರು ಬೇಡವೆನ್ನುತ್ತಿರಲು, ತುರ್ಕಿಯ ವಿನಿಮಯವು ಲೋಕದ ಕಣ್ಣಿಗೆ ನ್ಯಾಯವಾಗಿಯೇ ತೋರುವುದೆಂದು ಮತ್ತೆ ಮತ್ತೆ ವಾದಿಸಿದವರು ಅಧ್ಯಕ್ಷರೇ. ಹಟವನ್ನು ಬಿಟ್ಟು ಅಸಂಖ್ಯ ಜೀವಗಳನ್ನು ಉಳಿಸಲು ಹವಣಿಸಿದ ಆ ಮನುಷ್ಯನ ಅತ್ಯುತ್ತಮ ಕಾರ್ಯವನ್ನೇ ಅಭಿಮಾನಿಗಳು ಬಚ್ಚಿಟ್ಟರು. ಒಪ್ಪಂದ ನಿಶ್ಚಯವಾದ ಚಿಕ್ಕ ಸಭೆಯಲ್ಲಿ ಉಪಾಧ್ಯಕ್ಷ ಜಾನ್ಸನ್ನರು ಇರಲಿಲ್ಲ. ವಿಯಟ್ನಾಮಿನ ಯುದ್ಧವನ್ನು ಹಿಗ್ಗಿಸಿದವರು ಅವರೇ. ಯುದ್ಧಕ್ಕೆ ಕಾರಣಗಳು ಅನೇಕವಿದ್ದುವು. ಆದರೂ ಬಗ್ಗದಿದ್ದರೆ ಗೆಲುವೆಂಬ ತಪ್ಪು ಪಾಠವು ಅಂದು ಆ ರಾಜಧಾನಿಯ ಗಾಳಿಯಲ್ಲಿ ತುಂಬಿದ್ದಿತು.

ಬರಹಗಾರನಿಗೆ ಇನ್ನೊಂದು ಎಡರುಂಟು. ಅವನಿಗೆ ಕೊನೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಅದೇ 27ರಂದು ಸಮುದ್ರದಡಿಯಲ್ಲಿದ್ದ ಸೋವಿಯೆತ್ ಜಲಾಂತರ್ಗಾಮಿಯೊಂದರಲ್ಲಿ ಅಣ್ವಸ್ತ್ರದ ಟಾರ್ಪೆಡೊ ಇದ್ದ ಸಂಗತಿ ಅಮೆರಿಕದವರಿಗೆ ತಿಳಿದಿರಲಿಲ್ಲ. ಕ್ಯೂಬಾದ ನೆಲದ ಮೇಲೆ ಯುದ್ಧರಂಗದ ಚಿಕ್ಕ ಅಣ್ವಸ್ತ್ರಗಳು ಸಿದ್ಧವಾಗಿದ್ದುದು ಹೊರಬಿದ್ದದ್ದು 1992ರಲ್ಲಿ. ದಂಡೆತ್ತಿ ಹೋಗಬೇಕೆಂದವರನ್ನು ಮೂರ್ಖರೆಂದು ಜರೆಯುವುದು ನಮಗೆ ಸುಲಭ. ಬೇಡವೆಂದವರನ್ನು ಸರ್ವಜ್ಞರಂತೆ ಚಿತ್ರಿಸುವುದೂ ಅಷ್ಟೇ ಸುಲಭ. ಇಬ್ಬರೂ ಕತ್ತಲಲ್ಲಿ ತಡಕುತ್ತಿದ್ದವರು. ಆ ಕತ್ತಲನ್ನು ಕಥೆಯೊಳಗೆ ಇದ್ದಂತೆಯೇ ಇರಗೊಡಬೇಕಾದ ಕಷ್ಟ ಬರೆಯುವವನದು.

ಧ್ವನಿಮುದ್ರಿಕೆಗಳು ಸಿಕ್ಕಿದುದರಿಂದ ಈ ಕಷ್ಟ ತೀರಿತೆಂದು ವಾಚಕರು ಭಾವಿಸಬಾರದು. ಯಂತ್ರವಿದ್ದುದು ಅಧ್ಯಕ್ಷರಿಗೆ ಗೊತ್ತು. ಸುತ್ತ ಕುಳಿತವರಲ್ಲಿ ಬಹುಮಂದಿಗೆ ಗೊತ್ತಿರಲಿಲ್ಲ. ಅಷ್ಟೇ ಅಲ್ಲದೆ, ರಾಯಭಾರಿಗೆ ಏನು ಹೇಳಬೇಕೆಂದು ನಿರ್ಧರಿಸಿದ ಆ ಚಿಕ್ಕ ಸಭೆಯ ಮಾತು ಯಾವ ಸುರುಳಿಯಲ್ಲಿಯೂ ಇಲ್ಲ. ಅಲ್ಲಿದ್ದವರು ವರುಷಗಳು ಕಳೆದ ಮೇಲೆ ನೆನೆದು ಹೇಳಿದುದೇ ಅದಕ್ಕೆ ಆಧಾರ.