ಚೀಲ ಬೇಡ, ಜೊತೆಗಾರ ಬೇಕು

ಮಾರ್ಕನ ಸುವಾರ್ತೆ 6ನೇ ಅಧ್ಯಾಯ, 7 ಮತ್ತು 8ನೇ ವಚನ ತೆಗೀರಿ.

ಕೆಲವು ವರ್ಷದ ಹಿಂದೆ ನಾನು, ನನ್ನ ಗೆಳೆಯ ಹುಬ್ಬಳ್ಳಿಯಿಂದ ಬ್ಯಾಂಕಾಕ್‌ಗೆ ಹೋಗಿದ್ವಿ. ಬೆನ್ನಿಗೊಂದು ಬ್ಯಾಗ್, ಕಿಸೆಯಲ್ಲಿ ಸ್ವಲ್ಪೇ ದುಡ್ಡು. ಹುವಾ ಲಾಂಫೋಂಗ್ ರೈಲ್ವೆ ಸ್ಟೇಷನ್ ಮುಂದೆ ದಾರಿ ವಿಷಯಕ್ಕೆ ಜಗಳ ಆಯ್ತು. "ನಿನ್ನ ದಾರಿ ನಿನಗ" ಅಂದು ನಾನೊಬ್ಬನೇ ಚೈನಾಟೌನ್ ಕಡೆ, ಯೌವರಾತ್ ರಸ್ತೆಗೆ ನಡೆದೆ. ಬೋರ್ಡೆಲ್ಲ ಥಾಯ್, ಚೀನೀ. ಫೋನ್ ಚಾರ್ಜೂ ಮುಗೀತು. ಎರಡು ತಾಸು ಅಲೆದು ವಾಪಸ್ ಬಂದ್ರೆ ಅವನು ಅದೇ ಮೆಟ್ಟಿಲ ಮೇಲೆ ಕೂತಿದ್ದ! "ಊಟ ಆತೇನಲೇ?" ಅಂದ. ಅಷ್ಟೇ.

ಯೇಸು ಸ್ವಾಮಿ ಶಿಷ್ಯರನ್ನ ಹೇಗೆ ಕಳಿಸಿದ್ರು ನೋಡ್ರಿ. ಚೀಲ ಬಿಡಿಸಿದ್ರು, ರೊಟ್ಟಿ ಬಿಡಿಸಿದ್ರು, ಹಣಾನೂ ಬಿಡಿಸಿದ್ರು. ಜೊತೆಗಾರನನ್ನ ಮಾತ್ರ ಬಿಡಿಸಲಿಲ್ಲ, ಇಬ್ಬಿಬ್ಬರಾಗಿ ಕಳಿಸಿದ್ರು. ಹಲ್ಲೆಲೂಯಾ!

ನಿಮ್ಮ ಜೊತೆ ಚಿಗರಿ ಬಸ್ಸಲ್ಲಿ ಆರಾಧನೆಗೆ ಬರ್ತಿದ್ದ ಗೆಳೆಯ ಮೂರು ವಾರದಿಂದ ಕಾಣ್ತಿಲ್ಲ ಅಲ್ವಾ? "ಅವನ ಭಕ್ತಿ ತಣ್ಣಗಾಯ್ತು" ಅನ್ನೋದು ಸುಲಭ. ಅವನ ರೂಮಿಗೆ ಹೋಗಿ ಊಟ ಆಯ್ತಾ ಅಂತ ಕೇಳಿದ್ರಾ? ಇವತ್ತೇ ಹೋಗಿ. ಆಮೆನ್.