ಪರಿಪೂರ್ಣನು ದೇಹ ಧರಿಸುವನೆ?

ದೇವರು ಪರಿಪೂರ್ಣನೆಂಬುದನ್ನು ಒಪ್ಪದ ಆಸ್ತಿಕರಿಲ್ಲ. ಆದರೆ ಪರಿಪೂರ್ಣನು ಮನುಷ್ಯದೇಹವನ್ನು ಧರಿಸಬಲ್ಲನೆ, ಧರಿಸಿದರೆ ಪೂರ್ಣತ್ವಕ್ಕೆ ಊನ ಬಾರದೆ ಎಂಬಲ್ಲಿ ಮತಗಳು ಕವಲೊಡೆಯುತ್ತವೆ. ನಗರಗೆರೆಯ ಸುತ್ತಲಿನ ಸೀಮೆಗೆ ಇದು ದೂರದೇಶದ ವಾದವಲ್ಲ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಮುಸಲ್ಮಾನರೊಡನೆ ಹಿಂದೂಗಳೂ ಹರಕೆ ಹೊತ್ತು ಹೋಗುತ್ತಾರೆ; ಚಿಕ್ಕಬಳ್ಳಾಪುರದ ಕ್ರೈಸ್ತ ಆಸ್ಪತ್ರೆಯಲ್ಲಿ ನಾನಾ ಮತದ ರೋಗಿಗಳು ಶುಶ್ರೂಷೆ ಪಡೆದಿದ್ದಾರೆ. ನೆರೆಯವರ ನಂಬಿಕೆಯನ್ನು ಅರಿಯದೆ ಆಡಿಕೊಳ್ಳುವುದು ಸದ್ಭಕ್ತರಿಗೆ ತಕ್ಕುದಲ್ಲ.

ಇಸ್ಲಾಮಿನ ಮೂಲತತ್ತ್ವವು ತೌಹೀದ್, ಎಂದರೆ ಏಕದೇವತ್ವ. ಅಲ್ಲಾಹನಿಗೆ ಜನ್ಯಜನಕಭಾವವಿಲ್ಲ, ಯಾವುದರ ಅಪೇಕ್ಷೆಯೂ ಇಲ್ಲ. ಹಸಿವು, ನಿದ್ರೆ, ಮರಣಗಳು ದೇಹಧರ್ಮಗಳು. ಅವು ಸೋಂಕಿದರೆ ನಿರಪೇಕ್ಷನು ಸಾಪೇಕ್ಷನಾದಾನು. ಆದುದರಿಂದ ಕುರಾನು ಯೇಸುವನ್ನು ಈಸಾ ಎಂದು ಕರೆದು, ಕನ್ಯೆ ಮರ್ಯಮಳ ಮಗನೆಂದೂ ಪ್ರವಾದಿಯೆಂದೂ ಗೌರವಿಸಿದರೂ ದೇವರೆನ್ನುವುದಿಲ್ಲ.

ಕ್ರೈಸ್ತರ ಎಣಿಕೆ ಬೇರೆ. ಯೇಸು ತಂದೆಯಾದ ದೇವರೊಡನೆ ಏಕಸತ್ತ್ವನೆಂದು ಕ್ರಿ. ಶ. 325ರಲ್ಲಿ ನೈಸೀಯದ ಸಭೆ ಸಾರಿತು. ದೈವ, ಮಾನುಷ ಎಂಬ ಎರಡು ಸ್ವಭಾವಗಳು ಆತನಲ್ಲಿ ಬೆರಕೆಯಾಗದೆ, ಬೇರ್ಪಡದೆ ಇವೆಯೆಂದು 451ರಲ್ಲಿ ಕಾಲ್ಸೆಡನ್ನಿನ ಸಭೆ ನಿರ್ಣಯಿಸಿತು. ದೈವತ್ವವು ಕುಗ್ಗಿ ಮನುಷ್ಯತ್ವವಾಗಲಿಲ್ಲ, ಮನುಷ್ಯತ್ವವನ್ನು ಸ್ವೀಕರಿಸಿತು ಎಂಬುದು ಇದರ ತಾತ್ಪರ್ಯ. ನೊಂದವರ ಸಂಕಟದಲ್ಲಿ ಪಾಲುಗೊಳ್ಳುವ ಪ್ರೀತಿಯು ಅವರಿಗೆ ಊನವಲ್ಲ, ಪೂರ್ಣತೆಯ ಪ್ರಕಾಶ.

ವಾದದ ಗಂಟು ಇರುವುದು ಇಲ್ಲಿಯೇ. ಒಬ್ಬರು ಪೂರ್ಣತೆಯನ್ನು ನಿರಪೇಕ್ಷತೆಯಲ್ಲಿ ಕಾಣುತ್ತಾರೆ, ಇನ್ನೊಬ್ಬರು ಆತ್ಮದಾನದಲ್ಲಿ. ಹಾಗೆಂದು ಮುಸಲ್ಮಾನರ ದೇವರು ನಿಷ್ಕರುಣನಲ್ಲ. ರಹಮಾನ್, ರಹೀಮ್ ಎಂಬ ನಾಮಗಳು ಕರುಣೆಯನ್ನೇ ಸಾರುತ್ತವೆ. ಸಮೀಪನಾಗಲು ಅವನಿಗೆ ದೇಹ ಬೇಕಿಲ್ಲ ಎಂಬುದಷ್ಟೇ ಅವರ ಮಾತು. ಕ್ರೈಸ್ತರೂ ದೇವರಿಗೆ ಕೊರತೆಯುಂಟೆನ್ನರು; ಕೊರತೆಯಿಲ್ಲದವನೇ ನಿಷ್ಕಾಮವಾಗಿ ಕೊಡಬಲ್ಲನೆನ್ನುತ್ತಾರೆ.

ವೀರಶೈವರಿಗೆ ಈ ಎರಡು ಕಳಕಳಿಗಳೂ ಅಪರಿಚಿತವಲ್ಲ. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣದಲ್ಲಿ ಬಸವಣ್ಣನಾಗಿ ಭುವಿಗಿಳಿಯುವವನು ನಂದೀಶ್ವರನೇ ಹೊರತು ಶಿವನಲ್ಲ. ಆದರೂ ವಾಙ್ಮನಕ್ಕೆ ಅಗೋಚರನಾದ ಶಿವನು ಗುರುಕರುಣೆಯಿಂದ ಕರಸ್ಥಲಕ್ಕೆ ಇಷ್ಟಲಿಂಗವಾಗಿ ಬರುವನೆಂಬುದು ಶರಣರ ಅನುಭಾವ. ಇದು ಅವತಾರವೂ ಅಲ್ಲ, ದೂರವೂ ಅಲ್ಲ.

ಹೀಗೆಂದ ಮಾತ್ರಕ್ಕೆ ಮೂರು ಮತಗಳೂ ಒಂದೇ ಎನ್ನಲಾಗದು. ಯೇಸು ದೇವರೆಂಬುದೂ ದೇವರಲ್ಲವೆಂಬುದೂ ಏಕಕಾಲಕ್ಕೆ ನಿಜವಾಗವು. ಭೇದವನ್ನು ಮರೆಮಾಚದೆ ಗೌರವಿಸುವುದೇ ಸತ್ಯನಿಷ್ಠೆ. ಆದರೆ ದೇವರು ಎಷ್ಟು ಸಮೀಪನೆಂಬುದಕ್ಕೆ ಗೃಹಸ್ಥನ ಸಾಕ್ಷಿ ವಾದದಲ್ಲಿಲ್ಲ, ನಡೆಯಲ್ಲಿದೆ. ಕರದಲ್ಲಿ ಲಿಂಗವಿದ್ದೂ ನೆರೆಮನೆಯ ನೋವಿಗೆ ದೂರನಾದರೆ, ಆ ಸಾಮೀಪ್ಯವು ಬಾಯಿಮಾತು ಮಾತ್ರ.