ಬರೆದವನ ಪಾಲು

ತರಗುಪೇಟೆಯ ಮಂಡಿಯೊಂದರಲ್ಲಿ ಎರಡು ವರ್ಷ ಲೆಕ್ಕ ಬರೆದೆ. ಚಾಮರಾಜಪೇಟೆಯ ರೂಮಿನಿಂದ ನಡೆದೇ ಹೋಗುತ್ತಿದ್ದೆ. ನಮ್ಮನೇಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಹೆಬ್ಬೆಟ್ಟು ಒತ್ತಿಯೇ ಬದುಕಿದ ಅಪ್ಪ, ಮಗ ಮೇಜಿನ ಹಿಂದೆ ಕೂತು ಬರೀತಾನೆ ಅಂತ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದ. ಏನು ಬರೀತಾನೆ ಅಂತ ಯಾರೂ ಕೇಳಲಿಲ್ಲ.

ಕಂಪ್ಯೂಟರ್ ಇತ್ತು. ಹಮಾಲಿ ಲೆಕ್ಕಕ್ಕೆ ಮಾತ್ರ ಕೆಂಪು ಬಟ್ಟೆ ಹೊದಿಸಿದ ಉದ್ದನೆ ಪುಸ್ತಕ. ಅರವತ್ತು ಮೂಟೆ ಇಳಿಸಿದರೆ ಐವತ್ತೈದು ಬರಿ ಅನ್ನುತ್ತಿದ್ದರು. ಬರೆಯುತ್ತಿದ್ದೆ.

ಈ ಪೇಟೆಗಳಲ್ಲಿ ಲೆಕ್ಕಕ್ಕೆ ಮೊದಲು ಇದ್ದದ್ದು ಕಡತ. ಬಟ್ಟೆಗೆ ಇದ್ದಿಲ ಪುಡಿ, ಅಂಟು ಬಳಿದು ಕಪ್ಪಾಗಿಸಿ, ಮಡಿಚಿ ಮಡಿಚಿ ಪುಸ್ತಕ ಮಾಡಿ, ಬಳಪದಲ್ಲಿ ಬರೆಯುವುದು. ಮಾರ್ಕ್ ವಿಲ್ಕ್ಸ್ 1810ರ ತನ್ನ ಮೈಸೂರು ಚರಿತ್ರೆಯಲ್ಲಿ ಇದರ ಅಳತೆ ಕೊಡುತ್ತಾನೆ: ಉದ್ದ 12ರಿಂದ 18 ಅಡಿ. ಸ್ಲೇಟಿನ ಹಾಗೆ ಒರೆಸಬಹುದು, ಮತ್ತೆ ಬರೆಯಬಹುದು. ಒರೆಸುವ ಕೈ ಯಾರದು? ಸಾಲಗಾರನದಂತೂ ಅಲ್ಲ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ ಅಂತ ಸರಕಿನ ಹೆಸರಿನ ಪೇಟೆಗಳಿವೆ. ಗಾಣಿಗರ ಪೇಟೆ, ಕುಂಬಾರಪೇಟೆ ಅಂತ ಕಸುಬಿನವರ ಹೆಸರಿನವೂ ಇವೆ. ಮೂಟೆ ಹೊತ್ತವರ ಹೆಸರಿನದನ್ನು ಹುಡುಕಿದೆ, ನನಗೆ ಸಿಗಲಿಲ್ಲ. ನನ್ನ ಪುಸ್ತಕದಲ್ಲೂ ಅವರ ಹೆಸರಿರಲಿಲ್ಲ. 'ಹಮಾಲಿ ಖರ್ಚು' ಅಷ್ಟೆ.

ನಾನೂ ಕೂಲಿಯವನೇ, ಹೇಳಿದ್ದು ಬರೆದೆ, ಪಾಪ ಧಣಿಯದು ಅನ್ನಬಹುದು. ಬಹಳ ದಿನ ಹಾಗೇ ಅಂದುಕೊಂಡೆ. ಆದರೆ ಹಮಾಲನ ಭಾರ ಅವನ ಬೆನ್ನ ಮೇಲೇ ಇರುತ್ತೆ. ನನ್ನ ಪೆನ್ನಿನ ಭಾರ ಬಿದ್ದದ್ದು ಇನ್ನೊಬ್ಬನ ಬೆನ್ನ ಮೇಲೆ. ನಾನು ಬಿಟ್ಟರೆ ಬೇರೊಬ್ಬ ಬರೀತಾನೆ ಅನ್ನುವುದೂ ನಿಜ. ಜೀತವನ್ನು ಕಾಯ್ದೆ ತೆಗೆದದ್ದು 1976ರಲ್ಲಿ. ಅದಕ್ಕೆ ಮೊದಲು ನನ್ನ ತಾತ ದುಡಿದದ್ದು ಅವನು ಓದಲಾರದ ಒಂದು ಅಂಕಿಗಾಗಿ. ಆ ಅಂಕಿ ತಾನಾಗಿ ಮೂಡಲಿಲ್ಲವಲ್ಲ, ಯಾರೋ ಬರೆದರು. ಅವನಿಗೂ ಹೆಂಡತಿ ಮಕ್ಕಳಿದ್ದಿರಬೇಕು. ಬೇರೊಬ್ಬ ಬರೀತಾನೆ ಅಂತ ಅವನೂ ಅಂದುಕೊಂಡಿರಬೇಕು.

ಬಸವಣ್ಣನೂ ಲೆಕ್ಕ ಬರೆದವನೇ, ಬಿಜ್ಜಳನ ಭಂಡಾರದಲ್ಲಿ. ಹಣ ಜಂಗಮರಿಗೆ ಹೋಯಿತೆಂದು ಚಾಡಿ ಹೇಳಿದರಂತೆ, ಎಣಿಸಿದರೆ ಒಂದು ಕಾಸೂ ಕಮ್ಮಿ ಇರಲಿಲ್ಲವಂತೆ. ಕಥೆ ಅವನನ್ನು ಪವಾಡದಿಂದ ಪಾರುಮಾಡುತ್ತೆ. ಮಂಡಿ ಗುಮಾಸ್ತನಿಗೆ ಪವಾಡ ಎಲ್ಲಿಂದ ಬರಬೇಕು?

ಹಮಾಲರಲ್ಲಿ ಒಬ್ಬರು, ಅಪ್ಪನ ವಯಸ್ಸಿನವರು, ಗೋಡೌನಿನ ಕಂಬದ ಮೇಲೆ ಇದ್ದಿಲಲ್ಲಿ ಗೀಟು ಹಾಕುತ್ತಿದ್ದರು, ಮೂಟೆಗೊಂದು. ಒಂದು ಸಂಜೆ ಬಂದು 'ಇವತ್ತಿಂದು ಓದಿ ಸಾಮಿ' ಅಂದರು. ಐವತ್ತೈದು ಅಂತ ಓದಿದೆ. ಅವರು ಕಂಬದ ಹತ್ತಿರ ಹೋಗಿ ಮತ್ತೆ ಎಣಿಸಿದರು. ಅರವತ್ತು. ನನ್ನ ಮುಖ ನೋಡಿದರು. 'ನೀವು ಓದಿದೋರು, ನಿಮ್ದೇ ಸರಿ ಇರ್ಬೇಕು' ಅಂತ ಹೆಗಲ ಮೇಲಿನ ಟವಲಿಂದ ಐದು ಗೀಟು ಒರೆಸಿದರು.

ಗೆಳೆಯರೇ, ಐದು ಮೂಟೆಯ ಕೂಲಿ ಧಣಿಗೆ ಹೋಯಿತು. ಅದನ್ನು ಜಗಳ ಆಡಿ ವಾಪಸು ತರಬಹುದು. ಆದರೆ ತನ್ನ ಬೆನ್ನು ಎಣಿಸಿದ್ದಕ್ಕಿಂತ ನನ್ನ ಅಕ್ಷರ ದೊಡ್ಡದು ಅಂತ ಆ ಮನುಷ್ಯ ನಂಬಿದರಲ್ಲ, ಅದನ್ನು ಧಣಿ ಕದಿಯಲಾರ. ಅದು ನನ್ನಂಥವನಿಂದಲೇ ಆಗಬೇಕು. ಓದಿದವರನ್ನು ನಂಬು ಅಂತ ಅವರಿಗೆ ಹೇಳಿಕೊಟ್ಟವರಲ್ಲಿ ನಾವೂ ಇದ್ದೇವೆ.

ಆಗಲೇ ಹೇಳಬೇಕಿತ್ತು. ಹೇಳಿದ್ದು ಹನ್ನೊಂದು ದಿನ ಆದಮೇಲೆ, ಸಂಬಳ ಕೈಗೆ ಬಂದ ಸಂಜೆ. ಅವರು ಏನೂ ಅನ್ನಲಿಲ್ಲ. ಮಾರನೇ ದಿನದಿಂದ ನಾನು ಮಂಡಿಗೆ ಹೋಗಲಿಲ್ಲ.